ಮಿಸುಜು ತಕಾನೊ ಬರೆದದ್ದು

"ಇದನ್ನು ಪ್ರಿಂಟ್ ಮಾಡಿದ್ದು ನೀವೇನಾ, ಜೋಯೆಲ್-ಸಾನ್?"

ಜಪಾನಿನ ರೂಢಿಯಂತೆ ಹೆಸರಿಗೆ ಗೌರವದ 'ಸಾನ್' ಸೇರಿಸುವ ಮಿಸುಜು, ಕಾರ್ಯಕ್ರಮದ ಹಾಳೆಯನ್ನು ನನ್ನ ಸೌಂಡ್ ಮಿಕ್ಸರ್ ಮೇಲೆ ಇಟ್ಟಳು. ಸಿಟ್ಟು ಬಂದರೆ ಅವಳ ಬಲಹುಬ್ಬು ಮಾತ್ರ ಮೇಲೇರುತ್ತದೆ. ಎರಡು ವರ್ಷದಿಂದ ಕದ್ದು ನೋಡುತ್ತಿದ್ದ ನನಗೆ ಅದು ಗೊತ್ತು.

ಪ್ರಿಂಟ್ ಮಾಡಿದ್ದು ನಾನೇ. ಓದಿರಲಿಲ್ಲ. ಅವಳು ಬರೆದ ಟ್ಯೂನಿನ ಕೆಳಗೆ ಬ್ಯಾಂಡ್ ಲೀಡರ್ ಗ್ರೆಗರಿಯ ಹೆಸರಿತ್ತು. ಅವಳಿಗೆ ಉಳಿದದ್ದು, 'ಪಿಯಾನೊ: ನಮ್ಮ ಟೀಚರ್'.

ಒಸಾಕಾದ ಜಾಝ್ ಕ್ಲಬ್‌ಗಳಲ್ಲಿ ಹದಿನೈದು ವರ್ಷ ನುಡಿಸಿ, ಮೂರು ಆಲ್ಬಂ ಮಾಡಿ, ಸೌದಿಯ ದಮ್ಮಾಮಿನಲ್ಲಿ ವಿದೇಶಿಯರು ವಾಸಿಸುವ ನಮ್ಮ ಕಾಂಪೌಂಡಿಗೆ ಮಕ್ಕಳಿಗೆ ಪಿಯಾನೊ ಕಲಿಸಲು ಬಂದವಳು. ಸಾರ್ವಜನಿಕ ಸಂಗೀತಕ್ಕೆ ಅನುಮತಿಯಿಲ್ಲದೆ ಹೊರಗೆ ವೇದಿಕೆಯೇ ಇಲ್ಲದ ವರ್ಷಗಳಲ್ಲೂ ಬಾಗಿಲು ಮುಚ್ಚಿದ ಹಾಲ್‌ನಲ್ಲಿ ಕೂತು ಬರೆದಳು. 2018ರಲ್ಲಿ ಕೊನೆಗೂ ಜಾಝ್ ಕಾರ್ಯಕ್ರಮಕ್ಕೆ ಅನುಮತಿ ಸಿಕ್ಕಿತು. ಹೆಸರು ಮಾತ್ರ ಬೇರೆಯವನದು.

ಹೆಸರು ಸರಿಪಡಿಸಿ ಎಂದು ಕೇಳಲು ಕಾಂಪೌಂಡಿನ ಮ್ಯಾನೇಜರ್ ಖಾಲಿದ್ ಬಳಿ ಹೋದೆ. "ಯಾರು ಕೇಳ್ತಾರೆ?" ಎಂದು ನಕ್ಕ.

ಗೆಳೆಯ ಇಮ್ತಿಯಾಜ್ ನನ್ನನ್ನು ಹೊರಗೆಳೆದ. "ನಿನಗೆಂತ ಮಾರಾಯ? ಇಲ್ಲಿ ಇರಲಿಕ್ಕೆ ಬೇಕಾದ ಇಕಾಮಾ ಪರವಾನಗಿ ಅವರ ಕೈಯಲ್ಲುಂಟು. ಸುಮ್ಮನೆ ವಯರ್ ಜೋಡಿಸು."

"ಅವಳು ಬರೆಯುವಾಗ ನಾನು ಅಲ್ಲೇ ಇದ್ದೆ. ಸುಮ್ಮನೆ ಹೇಗೆ ಕೂರುವುದು?"

ಸಂಜೆ ವೇದಿಕೆಯಲ್ಲಿ ಗ್ರೆಗರಿ, "ಮುಂದಿನ ಟ್ಯೂನ್ ನನ್ನ..." ಎನ್ನುವಷ್ಟರಲ್ಲಿ ಅವನ ಮೈಕ್ ಆಫ್ ಮಾಡಿದೆ. ನನ್ನದನ್ನು ಆನ್ ಮಾಡಿ ಹೇಳಿದೆ: "ಇದನ್ನು ಬರೆದವರು ಮಿಸುಜು ತಕಾನೊ."

ಸಭೆಯೇ ತಿರುಗಿ ನೋಡಿತು. ಅವಳು ಬೆರಳುಗಳನ್ನು ಕೀಗಳ ಮೇಲಿಟ್ಟು ನನ್ನನ್ನೇ ದಿಟ್ಟಿಸಿದಳು. ಆಮೇಲೆ ನುಡಿಸಿದಳು, ಇಡೀ ಬ್ಯಾಂಡ್ ಏದುಸಿರು ಬಿಟ್ಟು ಹಿಂದೆ ಓಡಬೇಕು, ಹಾಗೆ.

ಮರುದಿನ ಬೆಳಿಗ್ಗೆಯೇ ನನಗೆ ರಾಸ್ ಅಲ್ ಖೈರ್‌ನ ಲೇಬರ್ ಕ್ಯಾಂಪಿಗೆ ವರ್ಗವಾಯಿತು. ಹಾಲ್‌ನಲ್ಲಿ ವಯರ್ ಸುತ್ತುತ್ತಿದ್ದಾಗ ಅವಳು ಬಂದಳು. ಸಿಟ್ಟು ಇಳಿದಿರಲಿಲ್ಲ.

"ನನ್ನ ಜಗಳ ನಾನೇ ಆಡುತ್ತಿದ್ದೆ. ನೀವು ಯಾಕೆ ನಡುವೆ ಬಂದಿರಿ?"

"ಕ್ಷಮಿಸಿ."

"ಕ್ಷಮೆ ಕೇಳಬೇಕಾದವನು ಗ್ರೆಗರಿ. ಅವನ ಬ್ಯಾಂಡ್ ಬಿಟ್ಟು ಬಂದೆ." ಒಂದು ಹೆಜ್ಜೆ ಹತ್ತಿರ ಬಂದಳು. "ನನ್ನ ಹೆಸರು ಹೇಳುವಾಗ ನಿಮ್ಮ ದನಿ ನಡುಗಿತು. ಭಯವಾ?"

"ಅಲ್ಲ. ಎರಡು ವರ್ಷದಿಂದ ಆ ಹೆಸರನ್ನು ಒಬ್ಬನೇ ಹೇಳಿಕೊಳ್ಳುತ್ತಿದ್ದೆ. ಜನರ ಎದುರು ಅದೇ ಮೊದಲು."

ಅವಳ ಕಿವಿಗಳು ಕೆಂಪಾದವು. ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

"ರಾಸ್ ಅಲ್ ಖೈರ್ ಎಷ್ಟು ದೂರ?"

"ಕಾರಿನಲ್ಲಿ ಎರಡು ಗಂಟೆ."

"ಈಗ ಹೆಂಗಸರಿಗೂ ಲೈಸೆನ್ಸ್ ಕೊಡುತ್ತಾರೆ. ಅರ್ಜಿ ಹಾಕಿದ್ದೇನೆ. ಸಿಕ್ಕಿದ ಮೊದಲ ಶುಕ್ರವಾರ ಬರುತ್ತೇನೆ."

"ಅಲ್ಲಿ ಪಿಯಾನೊ ಇಲ್ಲ, ಮಿಸುಜು."

"ನಾನು ಪಿಯಾನೊ ನೋಡಲು ಬರುತ್ತಿಲ್ಲ," ಎಂದಳು.