ಮೊದಲು ಕೇಳಬೇಕಾದವಳು

“ಹಲೋ, ಗುರುವಾರ ಕಾರು ಸರ್ವೀಸಿಗೆ ಬಿಡ್ಬೇಕು. ಬ್ರೇಕ್ ಹಾಕಿದಾಗ ಎಡಗಡೆ ಮುಂದಿನ ಚಕ್ರ ಕಿರ್ ಅಂತಿದೆ, ಅದನ್ನ ನೋಡಿ. ಆಯಿಲ್ ಬದಲಾಯಿಸಿ. ಸಂಜೆ ನಾನೇ ಬಂದು ತಗೊಂಡು ಹೋಗ್ತೀನಿ.”

ಎಲ್ಲೂ ತಡವರಿಸದೆ ಹೇಳಿ ಮುಗಿಸಿದಳು. ಆ ಕಡೆ ಗ್ಯಾರೇಜಿನವನು ನಕ್ಕ.

“ಎಲ್ಲಾ ನೀವೇ ಹೇಳ್ಬಿಟ್ರೆ ನಮಗೇನು ಕೆಲಸ ಉಳೀತು ಮೇಡಂ?”

“ಕಾರು ತೊಳೆಯೋದು.”

“ಅಯ್ಯೋ, ಅಷ್ಟಕ್ಕಿಳಿಸಿದ್ರಾ!”

“ಹೆಚ್ಚಿನ ಕೆಲಸ ಏನೇ ಬಂದ್ರೂ ನನ್ನನ್ನ ಕೇಳಿ ಮಾಡಿ.”

“ಕೇಳ್ದೆ ಇರ್ತೀನಾ?” ಅವನ ದನಿ ತಗ್ಗಿತು. “ನಿಮ್ಮನ್ನ ಕೇಳೋದು ಇನ್ನೊಂದೂ ಇದೆ. ಸಂಜೆ ಬಂದಾಗ.”

ಫೋನ್ ಇಟ್ಟ ಮೇಲೂ ಆ ದನಿ ಕಿವಿಯಲ್ಲೇ ಉಳಿಯಿತು, ಓದಿ ಮುಗಿಸಿದ ಪದ್ಯದ ಕೊನೆಯ ಎಳೆತದಂತೆ. ಕಳೆದ ಸಲ ಕೀ ಕೊಡುವಾಗ ಅವನು ರೆಪ್ಪೆಯಡಿಯಿಂದ ಅವಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿದ್ದೇ ತಡ, ಬಾಗಿ ವೈಪರ್ ಪರೀಕ್ಷಿಸತೊಡಗಿದ್ದ. ವೈಪರಿಗೆ ಏನೂ ಆಗಿರಲಿಲ್ಲ.

ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಉತ್ತರವೂ ಸಿದ್ಧವಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ‘ಹೂಂ’ ಎನ್ನುವುದೇ ಮೊದಲು ತುಟಿಗೆ ಬರುತ್ತಿತ್ತು.

ಗುರುವಾರ ಕಾರು ಬಿಟ್ಟು ಕೆಲಸಕ್ಕೆ ನಡೆದಳು. ಮನೆಮನೆಗೆ ಹೋಗಿ ವಯಸ್ಸಾದವರ ಬಿಗಿದ ಕೀಲುಗಳಿಗೆ ವ್ಯಾಯಾಮ ಮಾಡಿಸುವುದು ಅವಳ ವೃತ್ತಿ. ಅದರಲ್ಲಿ ದುಡಿದೇ ಕಾರು ಕೊಂಡಿದ್ದಳು. ಅಜ್ಜಿಯೊಬ್ಬರ ಮಂಡಿ ಮಡಚಿಸುತ್ತಿದ್ದಾಗ ಫೋನ್ ಬಂತು. ಅವನಲ್ಲ, ಅಣ್ಣ.

“ಪುಟ್ಟೀ, ಗ್ಯಾರೇಜಿನವನು ಫೋನ್ ಮಾಡಿದ್ದ. ಬ್ರೇಕ್ ಪ್ಯಾಡ್ ಸವೆದಿದೆಯಂತೆ, ಹಾಕು ಅಂದೆ. ಹಾಗೇ ನಿನ್ನನ್ನ ಮದುವೆ ಆಗೋ ವಿಷಯಾನೂ ಎತ್ತಿದ. ಅದಕ್ಕೂ ಸರಿ ಅಂದೆ. ನಿನ್ನನ್ನ ಕೇಳೋ ಮುಂಚೆ ನನ್ನನ್ನ ಕೇಳಿದಾನೆ ನೋಡು, ಮರ್ಯಾದಸ್ಥ!”

“ನೋವಾಗ್ತಿದೆ ಮಗಳೇ,” ಎಂದರು ಅಜ್ಜಿ. ಅವಳು ಕೈ ಸಡಿಲಿಸಿದಳು.

ಸಂಜೆ ಅವನು ತೊಳೆದ ಕಾರಿನ ಪಕ್ಕ ನಿಂತಿದ್ದ. ಕೂದಲು ಬಾಚಿದ್ದ. ಉಗುರಿನ ಸಂದಿಯ ಗ್ರೀಸನ್ನೂ ಉಜ್ಜಿ ತೆಗೆದಿದ್ದ. ಅದನ್ನು ಕಂಡು ಅವಳಿಗೆ ಅಳು ಬಂತು.

“ಕಾರು ಯಾರದು?” ಎಂದಳು.

“ನಿಮ್ಮದೇ. ನೀವು ಕೆಲಸದಲ್ಲಿರ್ತೀರಿ, ತೊಂದ್ರೆ ಯಾಕೆ ಅಂತ ಅಣ್ಣನವರಿಗೆ...”

“ಇನ್ನೊಂದು ಮಾತೂ ತೊಂದ್ರೆ ಯಾಕೆ ಅಂತಲೇ ಅವನ ಹತ್ರ ಎತ್ತಿದ್ರಾ?”

ಅವನ ಮುಖ ಬಾಡಿತು. “ಹಿರಿಯರನ್ನ ಕೇಳೋದು ಗೌರವ ಅಂದ್ಕೊಂಡೆ.”

“ಹೂಂ ಅನ್ನೋಕೇ ಬಂದಿದ್ದೆ ನಾನು.”

“ಹಾಗಾದ್ರೆ ಈಗ ಕೇಳ್ತೀನಿ! ತಪ್ಪಾಯ್ತು, ಈಗ್ಲೇ...”

“ಒಪ್ಪಿಗೆ ಆಗ್ಲೇ ನಿಮ್ಮ ಜೇಬಲ್ಲಿದೆ. ಇನ್ನು ನನ್ನ ರುಜು ಒಂದೇ ಬಾಕಿ. ಅದಕ್ಕೆ ಕೇಳೋದು ಅಂತಾರಾ?”

ಅವಳು ಕೀ ತೆಗೆದುಕೊಂಡಳು.

ಮನೆ ಬಾಗಿಲಲ್ಲೇ ಅಣ್ಣ ನಗುತ್ತ ನಿಂತಿದ್ದ. “ಏನಂದ?”

“ನಾನೇನಂದೆ ಅಂತ ಕೇಳೋ.”

ಅವಳ ಮುಖ ನೋಡಿ ಅವನ ನಗು ಆರಿತು. ಆದರೂ ಕೇಳಲಿಲ್ಲ. “ಜಗಳ ಆಡ್ಕೊಂಡ್ ಬಂದ್ಯಾ? ನೀನಿರು, ನಾನು ಸರಿ ಮಾಡ್ತೀನಿ,” ಎಂದು ನಂಬರ್ ಒತ್ತಿದ. “ಹಾಂ, ನೋಡಪ್ಪಾ, ಅವಳಿಗೆ ಸ್ವಲ್ಪ ಮುಂಗೋಪ. ಎರಡು ದಿನದಲ್ಲಿ ಸರಿಹೋಗ್ತಾಳೆ. ನೀನೇನೂ ಯೋಚನೆ ಮಾಡ್ಬೇಡ...”

ಆ ಕಡೆಯಿಂದ ಏನೋ ಕೇಳಿಸಿತು. ಬಹುಶಃ ‘ಸರಿ ಅಣ್ಣಾ’ ಎಂದಿರಬೇಕು.

ಅವಳು ಅಣ್ಣನ ಕೈಯಿಂದ ಫೋನ್ ಕಿತ್ತುಕೊಂಡಳು.

“ನಾನು ಮಾತಾಡ್ತಿರೋದು. ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. ನನಗೆ ಈ ಮದುವೆ ಬೇಡ.”

ಆ ಕಡೆ ಅವನ ಉಸಿರು ಕೇಳುತ್ತಿತ್ತು. ಅಣ್ಣ ಫೋನಿಗಾಗಿ ಕೈ ಚಾಚಿದ. ಅವಳು ಕೊಡಲಿಲ್ಲ. ಅವನು ಲೈನು ಕಡಿಯುವವರೆಗೂ ಅದನ್ನು ಕಿವಿಗೆ ಒತ್ತಿಕೊಂಡೇ ನಿಂತಳು.