ಕೋವಿಗೆ ತೊಡಿಸಿದ ಅರಗಿನ ಬಳೆ

ಈ ಪ್ರಸಂಗವನ್ನು ಮೊದಲು ಹೇಳಿದವನು ಚನ್ನಪಟ್ಟಣದ ಗೊಂಬೆ ಕೆಲಸಗಾರ ಇದ್ರೀಸ್. ಹೇಳಿದ್ದು ೨೦೨೪ರ ಜನವರಿಯ ಒಂದು ಶನಿವಾರ ಸಂಜೆ, ಕೆಂಗಲ್ ಹನುಮಂತರಾಯನ ಗುಡಿಯ ಬಳಿಯ ಟೀ ಅಂಗಡಿಯಲ್ಲಿ. ಕೇಳಲು ಏಳೆಂಟು ಮಂದಿ ಇದ್ದರು. ಮುಂದೆ ಇದನ್ನೇ ಬೇರೆ ಇಬ್ಬರು ಹೇಳಿದರು. ಒಬ್ಬರ ಬಾಯಲ್ಲಿ ನಲವತ್ತು ಕುರಿ ನೂರಾಗಿದ್ದವು. ಇದ್ರೀಸ್ ಕಣ್ಣಾರೆ ಕಂಡವನಾದ್ದರಿಂದ ಅವನು ಹೇಳಿದ ಕ್ರಮವನ್ನೇ ಇಲ್ಲಿ ಉಳಿಸಿದ್ದೇನೆ.

ಹಿಂದಿನ ತಿಂಗಳ ಒಂದು ಬುಧವಾರ. ಬೆಳಕು ಹರಿಯುವ ಹೊತ್ತು. ವಿರೂಪಾಕ್ಷಿಪುರದ ಹೊರಗೆ, ಹೊಲದ ಬದುವಿನ ಮೇಲೆ ಕುರಿಗಾಹಿ ಸಿದ್ದರಾಮು ಬಿದ್ದಿದ್ದ. ಹೊದ್ದ ಕರಿಕಂಬಳಿ ಹಾಗೆಯೇ ಇತ್ತು. ಬಲತೊಡೆಯ ತುಂಬ ಕೋವಿಯ ಚರೆಗಳು. ನಲವತ್ತು ಕುರಿಗಳು ಸುತ್ತ ನಿಂತಿದ್ದವು. ಡೇರಿಗೆ ಹಾಲು ಹಾಕಲು ಹೊರಟ ಹೆಂಗಸರು ಕಂಡು ಕೂಗಿಕೊಂಡರು. ಜೀವ ಉಳಿಯಿತು, ಕಾಲು ಉಳಿಯುವುದೇ ಎಂಬುದಕ್ಕೆ ವೈದ್ಯರು ಉತ್ತರ ಕೊಡಲಿಲ್ಲ.

ಹೊಡೆದವರು ಯಾರು? ಮಂಜಿನಲ್ಲಿ ಸಿದ್ದರಾಮು ಯಾರನ್ನೂ ನೋಡಿರಲಿಲ್ಲ.

ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳು ಊರಿನಲ್ಲಿ ಎರಡೇ — ಮಾಯಣ್ಣನದೊಂದು, ಮುನಿಶಾಮಯ್ಯನದೊಂದು. ಕುರಿ ರಾಗಿಗೆ ಬಾಯಿ ಹಾಕಿತೆಂದು ಮಾಯಣ್ಣ ಹಿಂದಿನ ವಾರವಷ್ಟೇ ಸಿದ್ದರಾಮುವಿನ ಮೇಲೆ ಹರಿಹಾಯ್ದಿದ್ದ: “ಇನ್ನೊಂದ್ಸಲ ನುಗ್ಸುದ್ರೆ ಸುಟ್ಬುಡ್ತೀನಿ ಕಣ್ಲಾ!” ಊರೇ ಕೇಳಿತ್ತು. ಅವನ ಕೋವಿಯ ನಳಿಗೆಯಲ್ಲಿ ಮದ್ದಿನ ಕಪ್ಪೂ ಇತ್ತು. ಭಾನುವಾರ ಹಂದಿ ಬೆದರಿಸಲು ಹಾರಿಸಿದ್ದೆ ಎಂದ. ಯಾರು ನಂಬುತ್ತಾರೆ?

ಮುನಿಶಾಮಯ್ಯನ ಕೋವಿಯ ಒಳಗೆ ಕಪ್ಪಿನ ಗುರುತಿರಲಿಲ್ಲ. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಹಾಕಿಸಿದ ಮೇಲೆ ಒಂದು ಗುಂಡನ್ನೂ ಹಾರಿಸಿಲ್ಲವೆಂದು ಅವನು ಬರೆದುಕೊಟ್ಟ. ಪೊಲೀಸರು ನೋಡಿ ಹಿಂತಿರುಗಿಸಿದರು. ಮಾಯಣ್ಣನನ್ನು ಠಾಣೆಗೆ ಕರೆದೊಯ್ದರು.

ಮಾಯಣ್ಣನ ಮಗಳು ಮಾನ್ಯ ಚನ್ನಪಟ್ಟಣದಲ್ಲಿ ಪೀರ್ ಸಾಬ್ ಎಂಬ ಹಿರಿಯರ ಗೊಂಬೆ ಕಾರ್ಖಾನೆಯಲ್ಲಿ ಅರಗು ಹಚ್ಚುವವಳು; ಇದ್ರೀಸನೂ ಅಲ್ಲೇ ಕೆಲಸಕ್ಕಿದ್ದ. ಮುನಿಶಾಮಯ್ಯ ತನ್ನ ಸ್ಕೋಪ್ ಹಿಡಿದು ಬಂದದ್ದೂ ಅಲ್ಲಿಗೇ. ಅವನದು ಹಳೆಯ ಒಂಟಿ ನಳಿಗೆ ಕೋವಿ. ಸ್ಕೋಪ್ ಕೂರಿಸಲು ಅದರಲ್ಲಿ ತೂತುಗಳಿರಲಿಲ್ಲ. ಕೊರೆದರೆ ನಳಿಗೆ ಸಿಡಿದೀತೆಂದು ಬೆಂಗಳೂರಿನ ಕೋವಿ ರಿಪೇರಿಯವರು ಒಲ್ಲೆವೆಂದಿದ್ದರು. ಪೀರ್ ಸಾಬ್ ನಳಿಗೆಯ ಸುತ್ತಳತೆಯನ್ನು ದಾರದಲ್ಲಿ ಹಿಡಿದರು. ಹಾಲೆಮರದಲ್ಲಿ ಎರಡು ದಪ್ಪ ಬಳೆ ಕಡೆದು, ಸೀಳಿ, ನಳಿಗೆಗೆ ತೊಡಿಸಿ, ತಿರುಪು ಬಿಗಿದರು. ಸ್ಕೋಪ್ ಆ ಬಳೆಗಳ ಮೇಲೆ ಕೂತಿತು. ಹಿಡಿತಕ್ಕೆಂದು ಬಳೆಯ ಒಳಮೈಗೂ ಮಾನ್ಯ ಕೆಂಪರಗು ಹಚ್ಚಿದ್ದಳು. ಇದು ನಡೆದದ್ದು ಆ ಬುಧವಾರಕ್ಕೆ ಎರಡು ದಿನ ಮೊದಲು, ಸೋಮವಾರ ಸಂಜೆ.

ಶುಕ್ರವಾರ ಮುನಿಶಾಮಯ್ಯ ಮತ್ತೆ ಬಂದ. ಗೋಣಿತಾಟು ಬಿಚ್ಚಿ ಕೋವಿಯನ್ನು ಬೆಂಚಿನ ಮೇಲಿಟ್ಟ.

“ಏನ್ ಸಾಬ್ರೆ, ಇದಾ ನಿಮ್ ಕೆಲ್ಸ? ಕೋವಿ ಕೊಟ್ರೆ ಗಿಲಕಿ ಮಾಡ್ ಕೊಟ್ಟಿದ್ದೀರಾ! ಲೊಡಲೊಡ ಅಂತದೆ.”

ಪೀರ್ ಸಾಬ್ ನಳಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು.

“ಎಲ್ಲಾದ್ರೂ ಬಿದ್ದಿತ್ತಾ, ಯಜಮಾನ್ರೆ?”

“ಎಲ್ ಬೀಳ್ತದೆ? ಪೆಟ್ಗೇಲಿತ್ತು.”

“ಬೇರೆ ಯಾರಾದ್ರೂ ಮುಟ್ಟಿದ್ರಾ?”

“ಬೀಗದ್ ಕೈ ನನ್ ಉಡುದಾರದಲ್ಲೈತೆ.”

“ಒಂದ್ಸಲಾನೂ ಹಾರ್ಸಿಲ್ಲ?”

“ಪೋಲೀಸ್ನೋರ್ಗೇ ಬರ್ಕೊಟ್ಟಿವ್ನಿ. ನಿಮ್ಗೂ ಬರ್ಕೊಡ್ಬೇಕಾ?”

“ಬ್ಯಾಡ ಬ್ಯಾಡ. ಹಂಗಾದ್ರೆ ತಪ್ಪು ನಂದೇ. ಕೂತ್ಕಳಿ. ಇದ್ರೀಸ್, ಟೀ ತಗೊಂಬಾ — ಸ್ಟೇಷನ್ ಪಕ್ಕದ್ ಅಂಗ್ಡೀದು.”

ಕಾರ್ಖಾನೆಯ ಎದುರಿಗೇ ಒಂದು ಟೀ ಅಂಗಡಿ ಇತ್ತು. ಇದ್ರೀಸ್ ಇಂಗಿತ ಅರಿತು ಪೊಲೀಸ್ ಠಾಣೆಯ ಕಡೆ ನಡೆದ. ಟೀಯ ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಫಕ್ರುದ್ದೀನರೂ ಬಂದರು.

ಪೀರ್ ಸಾಬ್ ಮೊದಲು ಅವರಿಗೆ ಲೋಟ ಕೊಟ್ಟರು. ಆಮೇಲೆ ಕೋವಿ ತೋರಿಸಿದರು.

“ಸಾರ್, ನಳಿಗೆ ಹಿಂದ್ಗಡೆ ದಪ್ಪ, ಬಾಯಿ ಕಡೆ ಹೋಗ್ತಾ ಸಣ್ಣ. ಬಳೆ ಕೂರ್ಸುವಾಗ ಗುರ್ತಿಗೆ ನಾನೊಂದ್ ಗೆರೆ ಗೀಚಿದ್ದೆ. ಈಗ ಬಳೆ ಎಲ್ಲೈತೆ?”

ಫಕ್ರುದ್ದೀನ್ ಬಗ್ಗಿದರು. “ಗೆರೆಯಿಂದ ಒಂದ್ ಬೆರಳು ಮುಂದೆ.”

“ಕೋವಿ ಹಾರುದ್ರೆ ಹಿಂದಕ್ಕೆ ಒದೀತದೆ. ಮ್ಯಾಲಿರೋ ಸ್ಕೋಪು, ಬಳೆ ನಿಂತಲ್ಲೇ ನಿಲ್ತವೆ. ಎತ್ತು ಸರಕ್ನೆ ಹಿಂದಕ್ಕೆ ಸರುದ್ರೆ ಬೆನ್ ಮ್ಯಾಲಿನ್ ಮೂಟೆ ಕೊಂಬಿನ್ ಕಡೆ ಜಾರಲ್ವಾ? ಹಂಗೆ. ಸಣ್ಣ ಜಾಗಕ್ಕೆ ಜಾರುದ್ ಮ್ಯಾಲೆ ಸಡಿಲ ಆಗ್ದೆ ಇನ್ನೇನಾಯ್ತದೆ?”

ಮುನಿಶಾಮಯ್ಯ ಎದ್ದು ನಿಂತ. “ಗೋಣೀಲಿ ಸುತ್ತುವಾಗ ಕೈ ತಗುಲಿರ್ಬೋದು! ಅದೂ ನನ್ ತಪ್ಪಾ?”

“ಇರ್ಬೋದು,” ಎಂದರು ಪೀರ್ ಸಾಬ್. “ಬೇಟಿ, ಇಲ್ ಬಾ. ಗೆರೆಯಿಂದ ಬಳೆಗಂಟ ಉಕ್ಕಿನ್ ಮ್ಯಾಲೆ ಏನೈತೆ?”

ಮಾನ್ಯ ಉಗುರಿನಿಂದ ಕೆರೆದು ನೋಡಿದಳು. “ಅರಗು, ಚಾಚಾ. ನಂದೇ ಕೆಂಪು. ಮೆತ್ಕಂಡೈತೆ.”

“ಕೈಲಿ ಜಾರ್ಸುದ್ರೆ ಹಿಂಗ್ ಮೆತ್ತೀತಾ?”

“ಇಲ್ಲ. ಪುಡಿ ಉದುರ್ತದೆ, ಗೀರು ಬೀಳ್ತದೆ, ಅಷ್ಟೆ. ಅರಗು ಹತ್ಬೇಕಾದ್ರೆ ಬಿಸಿ ಏಳ್ಬೇಕು. ಲೇತು ಗಿರಗಿರ ತಿರುಗಿ ಉಜ್ಜುದ್ರೇನೆ ಮರಕ್ಕೂ ಹತ್ತೋದು.”

“ಕೇಳುದ್ರಾ, ಸಾರ್? ಈಡಿನ್ ರಭಸಕ್ಕೆ ಬಿಟ್ರೆ ಇದು ಹತ್ತಲ್ಲ. ಇವ್ರು ನಳಿಗೆ ಒಳಗೆಲ್ಲ ಉಜ್ಜಿ ತೊಳುದ್ರು. ಹೊರಗೆ ಬಳೆ ಸಡಿಲಾಗಿದ್ದನ್ನ ನನ್ ಕೆಟ್ ಕೆಲ್ಸ ಅಂದ್ಕಂಡ್ರು. ಬೈಯೋಕೆ ಅಂತ ಸಾಕ್ಷೀನ ತಾವೇ ಹೊತ್ಕೊಂಡ್ ಬಂದ್ರು.”

ಫಕ್ರುದ್ದೀನ್ ಲೋಟ ಕೆಳಗಿಟ್ಟರು. “ಸೋಮವಾರದಿಂದ ಈಚೆಗೆ ಆ ಊರಲ್ಲಿ ಕೇಳಿಸಿದ್ದು ಒಂದೇ ಈಡು. ಬುಧವಾರದ್ದು. ಏನ್ರೀ ಮುನಿಶಾಮಯ್ಯ?”

ಮುನಿಶಾಮಯ್ಯ ಮತ್ತೆ ಬೆಂಚಿನ ಮೇಲೆ ಕೂತ.

“ಹಂದಿ ಅಂದ್ಕಂಡೆ ಕಣ್ರಪ್ಪ. ಕರಿಕಂಬ್ಳಿ ಹೊದ್ದು ಬಗ್ಗಿದ್ದ. ಸ್ಕೋಪಲ್ಲಿ ಹಂದಿ ಬೆನ್ನಂಗೇ ಕಾಣ್ತು.”

“ಸುತ್ತ ನಲ್ವತ್ ಕುರಿ ಇದ್ವಲ್ರೀ?”

“ಆ ಕೊಳ್ವೇಲಿ ಅಷ್ಟಗ್ಲ ಎಲ್ ಕಾಣ್ತದೆ ಸಾರ್? ಬೆನ್ನೊಂದೇ ಕಂಡಿದ್ದು.”

ಮಾನ್ಯ ಅವನ ಎದುರು ನಿಂತಳು. ಧ್ವನಿ ಏರಿಸಲಿಲ್ಲ.

“ಹೊಡುದ್ ಮ್ಯಾಲೆ ಕೊಳ್ವೆಯಿಂದ ಕಣ್ ತೆಗುದ್ರಲ್ಲ, ಮಾವ. ಆಗ ಬಿದ್ದೋನು ಮನುಷ್ಯ ಅಂತ ಕಾಣ್ಲಿಲ್ವಾ? ನಮ್ಮಪ್ಪನ್ನ ಜೀಪ್ ಹತ್ಸುವಾಗ ಪಕ್ಕದಲ್ಲೇ ನಿಂತಿದ್ರಿ. ಆಗ್ಲೂ ಕಾಣ್ಲಿಲ್ವಾ?”

ಫಕ್ರುದ್ದೀನ್ ಕೋವಿಯನ್ನು ಗೋಣಿತಾಟಿಗೆ ಸುತ್ತಿ, ಮುನಿಶಾಮಯ್ಯನನ್ನು ಠಾಣೆಗೆ ನಡೆಸಿಕೊಂಡು ಹೋದರು. ಅಂದು ಸಂಜೆ ಮಾಯಣ್ಣ ಮನೆಗೆ ಬಂದ. ಮೊದಲು ಮಾಡಿದ ಕೆಲಸ — ಸಿದ್ದರಾಮುವಿನ ಕುರಿಗಳನ್ನು ತನ್ನ ಹೊಲದಲ್ಲಿ ಕೊಯ್ಲಾಗಿದ್ದ ಕಡೆಯ ರಾಗಿ ಕೂಳೆಗೆ ಬಿಟ್ಟದ್ದು.

ಇಲ್ಲಿಗೆ ಇದ್ರೀಸ್ ನಿಲ್ಲಿಸಿದ. ಸಿದ್ದರಾಮುವಿನ ಕಾಲು ಏನಾಯಿತೆಂದು ಒಬ್ಬರು ಕೇಳಿದರು. “ಉಳೀತು. ಒಸಿ ಕುಂಟ್ತಾನೆ,” ಎಂದ. ಟೀ ಲೋಟಗಳು ಅಂಗಡಿಗೆ ಮರಳಿದವು. ಮಂಜು ಇಳಿಯತೊಡಗಿತ್ತು. ಎಲ್ಲರೂ ಎದ್ದರು. ಅವರಲ್ಲಿದ್ದ ಮುದುಕನೊಬ್ಬ ಕರಿಕಂಬಳಿ ಕೊಡವಿ ಹೊದ್ದುಕೊಂಡ. ಒಂದು ಕ್ಷಣ ತಡೆದು, ತಲೆಗೆ ಸುತ್ತಿದ್ದ ಬಿಳಿ ಟವಲನ್ನು ಬಿಚ್ಚಿ ಕಂಬಳಿಯ ಮೇಲೆ ಹರವಿಕೊಂಡು ಮನೆಯ ದಾರಿ ಹಿಡಿದ.