ಹಿತ್ತಲಿಗೊಂದು ಟ್ರಾಲಿ ರವದಿ

ಬೇಡಕಿಹಾಳದಲ್ಲಿ ಮಾಳೇಶನ ಎಮ್ಮೆಯಷ್ಟು ಸಲ ದನದ ದವಾಖಾನೆ ಕಂಡ ಎಮ್ಮೆ ಇನ್ನೊಂದಿಲ್ಲ. ಅದಕ್ಕೆ ಯಾವ ರೋಗವೂ ಇರಲಿಲ್ಲ. ರೋಗವಿದ್ದದ್ದು ಮಾಳೇಶನಿಗೆ, ಅದೂ ಡಾಕ್ಟರ್ ಅನುಸೂಯಾ ಈ ಊರಿಗೆ ಬಂದಂದಿನಿಂದ.

ಆ ಅನುಸೂಯಾ ತಾನಾಗಿಯೇ ಫೋನ್ ಮಾಡಿ, ಹಿತ್ತಲಿಗೆ ಒಂದು ಟ್ರಾಲಿ ರವದಿ ಬೇಕು, ಇವತ್ತೇ ಬೇಕು ಎಂದಾಗ ಅವನು ಹಿಗ್ಗಬೇಕಿತ್ತು. ಬದಲಿಗೆ ಎದೆ ಧಸಕ್ಕೆಂದಿತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಆ ಒಣ ಎಲೆಯನ್ನು ಗಿಡದ ಬುಡಕ್ಕೆ ದಪ್ಪಗೆ ಹೊದಿಸಿದರೆ ನೆಲ ಬೇಗ ಆರುವುದಿಲ್ಲ. ಬಹಳ ದಿನ ನೀರು ಹಾಕದಿದ್ದರೂ ನಡೆಯುತ್ತದೆ. ದಿನಾ ಬೆಳಿಗ್ಗೆ ತಾನೇ ಪೈಪ್ ಹಿಡಿದು ನಿಲ್ಲುವವಳಿಗೆ ಇದೇಕೆ? ಮೇಡಂಗೆ ವರ್ಗಾವಣೆಯಾಗಿದೆ ಎಂದು ಡೇರಿಯಲ್ಲಿ ಕೇಳಿದ ಮಾತು ಹಾಗಾದರೆ ನಿಜ.

ಮಾಳೇಶ ಟ್ರ್ಯಾಕ್ಟರ್ ತಂದು ಟ್ರಾಲಿ ಎತ್ತಿದ್ದೇ ತಡ, ರವದಿ ಹಿತ್ತಲ ತುಂಬ ಗುಡ್ಡೆ ಬಿತ್ತು. ಅನುಸೂಯಾ ದುಪಟ್ಟಾ ಸೊಂಟಕ್ಕೆ ಬಿಗಿದಳು. ಇಬ್ಬರೂ ತೋಯಿಸಿದ ಮಣ್ಣಿನ ಮೇಲೆ ತೆಕ್ಕೆ ತೆಕ್ಕೆ ಹರವುತ್ತ ಹೋದರು. ಬದನೆ ಮುಗಿಯಿತು, ಮಲ್ಲಿಗೆ ಮುಗಿಯಿತು, ಎಳೆಯ ಪೇರಲ ಗಿಡಕ್ಕೆ ಬಂದರು. ಮಾಳೇಶ ತಲೆ ಬಗ್ಗಿಸಿ ಹರವುತ್ತಲೇ ಇದ್ದ. ಅವಳು ಅವನನ್ನು ಕದ್ದು ಕದ್ದು ನೋಡುತ್ತಿದ್ದಳು. ಅವನು ತಲೆ ಎತ್ತಿದರೆ ಮಲ್ಲಿಗೆಯ ಎಲೆ ಎಣಿಸುವವಳಂತೆ ಬಾಗುತ್ತಿದ್ದಳು.

ರವದಿಯ ಅಂಚು ಅವನ ಮುಂಗೈ ಗೀರಿತ್ತು. ಇಂಥ ಕೆಲಸಕ್ಕೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಬಾರದೇ ಎಂದು ಗದರಿದಳು. ಇದ್ದ ಒಂದೇ ಹೊಸ ಅಂಗಿಗೆ ಅರ್ಧ ತೋಳಿದ್ದರೆ ಪಾಪ, ಅವನೇನು ಮಾಡಿಯಾನು? ಎಮ್ಮೆ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದ. ಅವಳಿಗೆ ಗಾಬರಿಯಾಯಿತು.

"ಏನಾಗೇತ್ರಿ ನಿಮಗ?"

"ನಿಮಗ ಎಲ್ಲಿಗೆ ವರ್ಗ ಆಗೇತ್ರಿ, ಮೇಡಂ?"

ವರ್ಗಾವಣೆಯಲ್ಲ, ಧಾರವಾಡದಲ್ಲಿ ತಿಂಗಳ ಟ್ರೇನಿಂಗ್, ನಾಳೆ ಹೋಗಿ ಮುಗಿಸಿಕೊಂಡು ಇದೇ ಮನೆಗೆ ವಾಪಸ್ ಎಂದಳು ಅನುಸೂಯಾ.

ಮಾಳೇಶ ಗುಡ್ಡೆಯ ಮೇಲೆ ಕುಸಿದು ಕೂತ. ಹೋದ ಜೀವ ಬಂದಂತಾಯಿತು. ಜೀವ ಬಂದದ್ದೇ ಸಿಟ್ಟೂ ಬಂತು.

"ತಿಂಗಳಿಗೆ ಇಷ್ಟ ರವದಿ ಯಾಕ್ರಿ? ನೀರ ಹಾಕು ಅಂತ ನನಗ ಒಂದ ಮಾತ ಹೇಳಬಾರದೇನ್ರಿ?"

"ಯಾವ ಹಕ್ಕಿನ ಮ್ಯಾಲ ಹೇಳ್ಲಿ?"

ಅವಳ ದನಿ ಸಣ್ಣಗಾಗಿತ್ತು. ಈಗ ಸುಮ್ಮನಿದ್ದರೆ ಜನ್ಮದಲ್ಲಿ ಬಾಯಿ ಬರುವುದಿಲ್ಲ ಎಂದು ಅವನಿಗೂ ಗೊತ್ತಾಯಿತು.

"ಆ ಹಕ್ಕ ತಗೋರಿ. ನಿಮ್ಮ ಮ್ಯಾಲ ಜೀಂವಾನ ಇಟ್ಟೇನ್ರಿ ನಾ."

ಅನುಸೂಯಾ ಅವನ ಕೂದಲಿಗೆ ಸಿಕ್ಕ ಒಂದು ಎಸಳು ರವದಿಯನ್ನು ಮೆಲ್ಲಗೆ ಬಿಡಿಸಿದಳು. ಬಿಡಿಸಿಯಾದ ಮೇಲೂ ಕೈ ಅಲ್ಲೇ ಇತ್ತು. ತನ್ನನ್ನು ಕಳಿಸಿಕೊಡಲು ಸಂಜೆ ಅಪ್ಪ ಕಾಗವಾಡದಿಂದ ಬರುತ್ತಾರೆ, ಅವನೂ ಮನೆಯವರನ್ನು ಕರೆದುಕೊಂಡು ಬರಲಿ ಎಂದಳು.

"ಏಳ್ರಿ ಈಗ. ಅತ್ತಿಯವರು ಬರೂದ್ರಾಗ ಇದೆಲ್ಲಾ ಹರವಿ ಮುಗಸೂಣು."

ಮಾಳೇಶ ಎದ್ದು ಕೆಲಸಕ್ಕೆ ಬಿದ್ದ. ಅತ್ತಿ ಎಂದರೆ ತನ್ನ ಅವ್ವನೇ ಎಂದು ಹೊಳೆಯುವುದಕ್ಕೆ ಅವನು ಇನ್ನೂ ಒಂದು ತೆಕ್ಕೆ ಹರವಬೇಕಾಯಿತು.